ಮಳಲ ಬಳ್ಳಿ ಮನೆಯಂಗಳಕ್ಕೆ

ರಜೆಯ ದಿನಗಳಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋಗಿಬರುವ ಸಂಸಾರಗಳು ಶಂಖ, ಕಪ್ಪೆಚಿಪ್ಪುಗಳೊಡನೆ ಒಮ್ಮೊಮ್ಮೆ ಒಂದು ತುಂಡು ಬಳ್ಳಿಯನ್ನೂ ಕಿತ್ತುತರುವುದುಂಟು. ಅಲೆಗಳ ಅಂಚಿನಾಚೆ, ಸುಡುವ ಮಳಲ ಮೇಲೆ ಹಸುರು ಹಾಸಿ, ನಸುನೇರಳೆಯ ಹೂಗಳನ್ನು ಬಿಡುವ ಆ ಬಳ್ಳಿಯ ಹೆಸರು ಅಡುಂಬು. ಊರಿಗೆ ಬಂದ ತುಂಡನ್ನು ಗೃಹಿಣಿಯು ಗೊಬ್ಬರದ ಮಣ್ಣಿನಲ್ಲಿ ನೆಟ್ಟು, ತುಳಸಿಗೆ ನೀರೆರೆಯುವಾಗಲೆಲ್ಲ ಅದಕ್ಕೂ ಎರೆಯುತ್ತಾಳೆ. ಕೆಲವೇ ವಾರಗಳಲ್ಲಿ ಬುಡ ಕೊಳೆಯುತ್ತದೆ. ಅಕ್ಕರೆಯ ಅತಿಶಯವೇ ಅದಕ್ಕೆ ಮೃತ್ಯುವಾಗುತ್ತದೆ!

ಈ ಬಳ್ಳಿ ಗೆಣಸಿನ ಹತ್ತಿರದ ಬಂಧು. ಎಲೆಯ ತುದಿ ಸೀಳಿ ಆಡಿನ ಗೊರಸಿನಂತೆ ಕಾಣುವುದರಿಂದ ಸಸ್ಯಶಾಸ್ತ್ರಜ್ಞರು ಇದನ್ನು 'ಐಪೋಮಿಯ ಪೆಸ್-ಕ್ಯಾಪ್ರೇ' ಎಂದು ಕರೆದರು. ಲ್ಯಾಟಿನ್ನಿನಲ್ಲಿ 'ಪೆಸ್-ಕ್ಯಾಪ್ರೇ' ಎಂದರೆ ಆಡಿನ ಪಾದ. ಕೊಚ್ಚಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬೆಳಕು ಕಂಡ 'ಹೊರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ.

ಬಿತ್ತುವ ಬಗೆ

ಅಡುಂಬಿನ ಬೀಜ ನೀರಿನಲ್ಲಿ ತೇಲುತ್ತದೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿದ್ದರೂ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳದು. ಉಷ್ಣವಲಯದ ಕಡಲತೀರಗಳಲ್ಲೆಲ್ಲ ಈ ಬಳ್ಳಿ ಹಬ್ಬಿರುವುದಕ್ಕೆ ಇದೇ ಕಾರಣ. ಆದರೆ ಕಡಲಿನಲ್ಲಿ ಬೀಜವನ್ನು ಕಾಪಾಡುವ ಗಟ್ಟಿ ಸಿಪ್ಪೆಯೇ ಮನೆಯಲ್ಲಿ ಮೊಳಕೆಗೆ ಅಡ್ಡಿ. ಆದುದರಿಂದ ಬೀಜದ ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ತುಸು ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಅರ್ಧ ಅಂಗುಲ ಆಳದಲ್ಲಿ ಊರಬೇಕು. ಬೀಜ ವಿಷಯುಕ್ತವಾದುದರಿಂದ ಮಕ್ಕಳ ಕೈಗೆ ಸಿಗದಂತೆ ಎಚ್ಚರವಹಿಸುವುದು ಅವಶ್ಯ.

ಆರೈಕೆ

ಕುಂಡ ಅಗಲವಾಗಿರಲಿ, ತಳದಲ್ಲಿ ತೂತಿರಲಿ. ಮೂರು ಪಾಲು ದಪ್ಪ ಮರಳಿಗೆ ಒಂದು ಪಾಲು ಮಣ್ಣು ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಹೂ ಕಡಮೆಯಾಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ತಾರಸಿಯೇ ಇದಕ್ಕೆ ತಕ್ಕ ಎಡೆ. ಮೇಲಿನ ಒಂದು ಅಂಗುಲ ಮರಳು ಒಣಗಿದ ಮೇಲೆಯೇ ನೀರೆರೆಯಬೇಕು. ಬಿಡದ ಮಳೆಯಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಬೇಕು. ಬೆಂಗಳೂರಿನಂತಹ ಊರುಗಳ ಚಳಿಗಾಲದಲ್ಲಿ ನೀರನ್ನು ಇನ್ನಷ್ಟು ತಗ್ಗಿಸಬೇಕು. ಕಡಲ ಗಿಡವೆಂದು ಉಪ್ಪು ಬೆರೆಸುವವರೂ ಇದ್ದಾರೆ. ಅದು ತಪ್ಪು. ಅಡುಂಬು ಉಪ್ಪನ್ನು ಸಹಿಸುತ್ತದೆಯೇ ವಿನಾ ಬಯಸುವುದಿಲ್ಲ. ಮುಂಜಾನೆ ಅರಳಿದ ಹೂ ಆ ದಿನವೇ ಬಾಡುತ್ತದೆ. ಮರುದಿನ ಬೇರೊಂದು ಅರಳುತ್ತದೆ.

ತಾಯಿಬಳ್ಳಿಯ ಕೆಲಸ

ದಡದ ಬಳ್ಳಿಯನ್ನು ಕೀಳುವುದು ಮಾತ್ರ ಸಲ್ಲದು. ಅದು ಗೆಣ್ಣುಗೆಣ್ಣಿಗೂ ಬೇರಿಳಿಸಿ ಮರಳನ್ನು ಹಿಡಿದಿಡುತ್ತದೆ. ಗಾಳಿ ತಂದ ಮರಳು ಅದರ ಎಲೆಗಳ ನಡುವೆ ತಂಗಿ ದಿಬ್ಬವಾಗುತ್ತದೆ. ಬಿರುಗಾಳಿಯ ದಿನ ಉಕ್ಕಿಬರುವ ಅಲೆಯ ರಭಸ ಆ ದಿಬ್ಬದಲ್ಲಿ ಬಹುಮಟ್ಟಿಗೆ ತಗ್ಗುತ್ತದೆ. ಉಳ್ಳಾಲದಂತಹ ಕಡೆಗಳಲ್ಲಿ ಕಡಲ್ಕೊರೆತಕ್ಕೆ ಮನೆಮಾರು ಕಳೆದುಕೊಂಡವರಿಗೆ ದಿಬ್ಬದ ಬೆಲೆ ಗೊತ್ತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಮರಳ ದಿಬ್ಬಗಳನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದುದೂ ಇದೇ ಕಾರಣದಿಂದ.

ಆದುದರಿಂದ ಅಡುಂಬನ್ನು ಬಯಸುವವರು ಅಲೆ ತಂದೆಸೆದ ನಾಲ್ಕು ಬೀಜಗಳನ್ನು ಆಯ್ದುಕೊಂಡರೆ ಸಾಕು. ಮನೆಯಲ್ಲಿ ಒಂದು ಬಳ್ಳಿ ಹಬ್ಬಿತೆಂದರೆ ಅದರ ಗೆಣ್ಣುಳ್ಳ ತುಂಡುಗಳನ್ನೇ ನೆರೆಹೊರೆಗೆ ಹಂಚಬಹುದು. ತಾರಸಿಯಲ್ಲಿ ಹೂ ಅರಳಿದ ಬೆಳಗಿನಲ್ಲಿ, ದೂರದ ದಡದ ತಾಯಿಬಳ್ಳಿ ಮರಳನ್ನು ಬಿಗಿಹಿಡಿದು ಕುಳಿತಿದೆಯೆಂಬ ನೆಮ್ಮದಿಯೂ ಮನೆಯವರಿಗೆ ಇರುತ್ತದೆ.