ಫೋಟೊ ಹದವಾದರೆ ಚಿತ್ರ ಚೆಂದ

ನಮ್ಮ ನಡುಮನೆಯ ಗೋಡೆಯಲ್ಲಿ ಅಜ್ಜಿಯ ಕಪ್ಪು-ಬಿಳುಪು ಫೋಟೊ ಇದೆ. ಅಂಚು ಹಳದಿಗಟ್ಟಿದೆ, ಕೆನ್ನೆಯ ಮೇಲೆ ಬೂಷ್ಟಿನ ಚುಕ್ಕಿಗಳು. ಅದನ್ನು ತೈಲಚಿತ್ರದಂತೆ ಮಾಡುವ ಆಸೆಯಿಂದ ಮೊಬೈಲಿನಲ್ಲಿ ಸೆರೆಹಿಡಿದು ಆಯಿಲ್ ಪೇಂಟ್ ಫಿಲ್ಟರ್ ಹಾಕಿದೆ. ಬೂಷ್ಟೆಲ್ಲ ಹುಳದಂಥ ಗೆರೆಗಳಾಯಿತು. ಅಜ್ಜಿಯ ಮೂಗುಬೊಟ್ಟು ಮಾತ್ರ ಕಾಣೆಯಾಯಿತು.

ಬೂಷ್ಟು ಯಾವುದು, ಮೂಗುಬೊಟ್ಟು ಯಾವುದು ಎಂಬುದು ಫಿಲ್ಟರಿಗೆ ತಿಳಿಯದು. ಅಕ್ಕಪಕ್ಕದ ಬಣ್ಣಗಳ ವ್ಯತ್ಯಾಸ ನೋಡಿ ಅದು ಕುಂಚ ಆಡಿಸುತ್ತದೆ, ಅಷ್ಟೆ. ಏನು ಉಳಿಯಬೇಕು, ಏನು ಅಳಿಯಬೇಕು ಎಂಬುದನ್ನು ಮೊದಲೇ ನಾವು ತೀರ್ಮಾನಿಸಬೇಕು. ಬಿತ್ತುವ ಮುನ್ನ ನೆಲ ಹದ ಮಾಡುವುದಿಲ್ಲವೇ, ಹಾಗೆ.

ಹಳೆಯ ಫೋಟೊಗೆ ಸ್ಕ್ಯಾನರ್ ಒಳ್ಳೆಯದು. ಟ್ಯೂಬ್‌ಲೈಟಿನ ಹೊಳಪು ಬೀಳುವುದಿಲ್ಲ. 4x6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400x3600 ಪಿಕ್ಸೆಲ್ ಸಿಗುತ್ತದೆ. 300 ಡಿಪಿಐನಲ್ಲಿ 8x12 ಇಂಚಿನ ಚಿತ್ರ ಮುದ್ರಿಸಲು ಅಷ್ಟು ಸಾಕು. ಟಿಫ್ ಕಡತವಾಗಿ ಉಳಿಸಿಕೊಳ್ಳಿ. ಜೆಪೆಗ್ ಆದರೆ ತಿದ್ದಿ ಉಳಿಸಿದಾಗಲೆಲ್ಲ ವಿವರ ಸವೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಮುಖವೇ ಕಿತ್ತು ಬಂದೀತು. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಮೂಲ ಕಡತವನ್ನು ಮುಟ್ಟದೆ, ಅದರ ನಕಲಿನ ಮೇಲೆ ಕೆಲಸ ಶುರುಮಾಡಿ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶವೇ ಸಾಕು. ಮೊದಲು ಓರೆ ಸರಿಪಡಿಸಿ, ಬೇಡದ ಅಂಚು ಕತ್ತರಿಸಿ. ಆಮೇಲೆ ಹೀಲ್ ಟೂಲಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಅಳಿಸಿ. ನನಗೆ ಒಂದು ಕೆನ್ನೆಗೇ ಅರ್ಧ ಗಂಟೆ ಹಿಡಿಯಿತು. ಹಿಂದೆ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಕಲೆ ಮುಚ್ಚುತ್ತಿದ್ದವರ ತಾಳ್ಮೆ ಎಂಥದ್ದೆಂದು ಆಗ ಅರ್ಥವಾಯಿತು. ಅಜ್ಜಿಯ ಹಣೆಯ ಸುಕ್ಕುಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಕಲೆಗಳಲ್ಲ, ಅವಳೇ.

ಮುಂದಿನದು ಬೆಳಕು-ನೆರಳು. ಕಣ್ಣು ಕಿರಿದು ಮಾಡಿ ನೋಡಿ. ಮುಖ ಹಿನ್ನೆಲೆಯಿಂದ ಬೇರ್ಪಟ್ಟು ಕಾಣದಿದ್ದರೆ ಲೆವೆಲ್ಸ್‌ನಲ್ಲಿ ಸರಿಮಾಡಿ. ತೀರಾ ಕಪ್ಪಾದ ಜಾಗವನ್ನು ಸ್ವಲ್ಪ ತಿಳಿ ಮಾಡಿದರೆ ಸೆರಗಿನ ಮಡಿಕೆಗಳು ಎದ್ದು ಬರುತ್ತವೆ. ಹಿನ್ನೆಲೆಯ ಕ್ಯಾಲೆಂಡರು, ಕಿಟಕಿಯ ಸರಳು ಬೇಡವಾದರೆ ಮಸುಕು ಮಾಡಿ. ಶಾರ್ಪನ್ ಮಾಡುವ ಆಸೆಗೆ ಬೀಳಬೇಡಿ. ಫೋಟೊದ ಕಾಳುಕಾಳು ಇನ್ನಷ್ಟು ಎದ್ದು, ಫಿಲ್ಟರ್ ಅದನ್ನೇ ಗೆರೆಯಾಗಿಸುತ್ತದೆ. ಬದಲಿಗೆ ಕೆನ್ನೆ, ಗೋಡೆಯಂಥ ಬಯಲು ಜಾಗಗಳನ್ನು ತುಸು ನುಣುಪು ಮಾಡಿ. ಕಣ್ಣು, ತುಟಿ, ಒಡವೆ ಹರಿತವಾಗಿಯೇ ಇರಲಿ.

ಇಷ್ಟಾದ ಮೇಲೆ ಅದೇ ಫಿಲ್ಟರ್ ಮತ್ತೆ ಹಾಕಿದೆ. ಅಜ್ಜಿ ಬಂದಳು, ಮೂಗುಬೊಟ್ಟಿನ ಹರಳಿನ ಮೇಲೆ ಒಂದು ಬಿಳಿ ಚುಕ್ಕಿಯ ಸಮೇತ.

ನಿಮ್ಮ ಮನೆಯ ಗೋಡೆಯಲ್ಲೂ ಇಂಥದ್ದೊಂದು ಫೋಟೊ ಇದ್ದೀತು. ಚಿತ್ರ ಮಾಡುವುದು ನಿಧಾನವಾಗಿ ಆಗಲಿ, ಸ್ಕ್ಯಾನ್ ಮಾತ್ರ ಈ ವಾರವೇ ಮಾಡಿಸಿ. ಬೂಷ್ಟು ಕಾಯುವುದಿಲ್ಲ.