ಕಪ್ತಾನ ಜಾನ್ ಹಾರ್ಟ್: ಕಡಲಿನಿಂದ ಶಾಸನಸಭೆಗೆ
ದಕ್ಷಿಣ ಆಸ್ಟ್ರೇಲಿಯದ ವಸಾಹತು 1836ರಲ್ಲಿ ಸ್ಥಾಪಿತವಾಗುವ ಮೊದಲೇ ಅಲ್ಲಿನ ಕರಾವಳಿಯನ್ನು ಬಲ್ಲವರಲ್ಲಿ ಇಂಗ್ಲೆಂಡಿನ ಜಾನ್ ಹಾರ್ಟ್ (1809–1873) ಒಬ್ಬನು. ಹಡಗಿನ ಕಪ್ತಾನನಾಗಿ ಕಾಂಗರೂ ದ್ವೀಪದ ಉಪ್ಪನ್ನು ಸಾಗಿಸಿದ ಈತನು, ಮುಂದೆ ಪೋರ್ಟ್ ಅಡಿಲೇಡಿನಲ್ಲಿ ನೆಲೆಸಿ ಹಿಟ್ಟಿನ ಗಿರಣಿಯನ್ನು ನಡೆಸಿದನು. 1856ರ ಸಂವಿಧಾನವು ವಯಸ್ಕ ಪುರುಷರಿಗೆಲ್ಲ ಕೆಳಮನೆಯ ಮತಾಧಿಕಾರವನ್ನಿತ್ತಿತು. ಅದರಂತೆ 1857ರಲ್ಲಿ ಕೂಡಿದ ಸಭೆಗೆ ಹಾರ್ಟನು ಆರಿಸಿಬಂದು, ಮೂರು ಬಾರಿ ವಸಾಹತಿನ ಪ್ರಧಾನಿಯಾದನು.

ಆತನ ಆಡಳಿತದ ಮುಖ್ಯ ಕಾರ್ಯವನ್ನು ನಾವು 1870ರ ತಂತಿಮಾರ್ಗದ ಶಾಸನದಲ್ಲಿ ಕಾಣುತ್ತೇವೆ. ಹಡಗು ಬಂದಾಗಲೇ ಇಂಗ್ಲೆಂಡಿನ ಸುದ್ದಿ ತಿಳಿಯುತ್ತಿದ್ದ ನಾಡಿನಲ್ಲಿ, ಪೋರ್ಟ್ ಆಗಸ್ಟದಿಂದ ಡಾರ್ವಿನ್ನಿನವರೆಗೆ ತಂತಿ ಎಳೆಯುವ ಹೊಣೆಯನ್ನು ಆತನ ಸರ್ಕಾರವು ಹೊತ್ತಿತು. 1872ರಲ್ಲಿ ಕೆಲಸ ಮುಗಿಯಿತು. ಆದರೆ ಆ ಮಾರ್ಗವು ಹಾದುದು ಮೂಲನಿವಾಸಿಗಳ ನೆಲದಲ್ಲಿ. ಮತಾಧಿಕಾರದ ಶಾಸನವು ಅವರನ್ನು ಹೊರಗಿಡಲಿಲ್ಲ. ನೆಲದ ವಿಷಯದಲ್ಲಿ ಮಾತ್ರ ಅವರ ಒಪ್ಪಿಗೆಗೆ ಬೆಲೆಯಿರಲಿಲ್ಲ. ವಸಾಹತಿನ ಸುಧಾರಣೆಯನ್ನು ಅಳೆಯುವಾಗ ಈ ಎರಡನ್ನೂ ನಾವು ಲೆಕ್ಕಕ್ಕೆ ತರಬೇಕು.