ತೊಗರಿ ಮೇಲಿನ ನಾನೂರು ಅಡಿ

ತೊಗರಿಗೆ ಎಣ್ಣಿ ಹೊಡೆಯುವ ಡ್ರೋನು ಬೆಳೆಯ ಮೇಲೆ ಎರಡು ಮೂರು ಮೀಟರು ಎತ್ತರದಲ್ಲಿ ಹಾರುತ್ತದೆ. ಅಷ್ಟಕ್ಕೂ ವಿಮಾನದ ಕಾನೂನೇ ಎಂದು ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಯಂಕಂಚಿಯ ರೈತ ಕೇಳಿದರೆ ತಪ್ಪಿಲ್ಲ.

ಆದರೆ ಪೈಲಟ್ ಇಲ್ಲದ ಹಾರಾಟದ ಅಂಜಿಕೆ ಹಳೆಯದು. ಪೈಲಟ್ ಇಲ್ಲದ ವಿಮಾನ ವಿಶೇಷ ಅನುಮತಿ ಪಡೆಯದೆ ಪರದೇಶದ ಮೇಲೆ ಹಾರಕೂಡದೆಂದು 1944ರ ಷಿಕಾಗೊ ಒಪ್ಪಂದದ 8ನೇ ವಿಧಿಯೇ ಹೇಳಿತ್ತು. ಎದುರಿಗೆ ಬಂದದ್ದನ್ನು ಕಂಡು ಪಕ್ಕಕ್ಕೆ ಸರಿಯುವುದು ಪೈಲಟ್‌ನ ಕಣ್ಣಿನ ಕೆಲಸ. ಡ್ರೋನಿನಲ್ಲಿ ಆ ಕಣ್ಣಿಲ್ಲ. ನೆಲಕ್ಕೆ ಅಂಟಿಕೊಂಡು ಹಾರುವ ಪುಟ್ಟ ಯಂತ್ರ ರೇಡಾರಿಗೂ ಸರಿಯಾಗಿ ಸಿಗದು. ಟವರಿನಲ್ಲಿ ಕೂತವರು ಎಚ್ಚರಿಸಬೇಕೆಂದರೆ ರೇಡಿಯೊದಲ್ಲಿ ಓಗೊಡುವವರಾರು?

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಸುಲಭದ ದಾರಿ ಹಿಡಿಯಿತು. 2014ರ ಅಕ್ಟೋಬರಿನಲ್ಲಿ ನಾಗರಿಕ ಡ್ರೋನುಗಳನ್ನೇ ನಿಷೇಧಿಸಿತು. 2018ರ ಡಿಸೆಂಬರಿನಲ್ಲಿ ಬಾಗಿಲು ತುಸು ತೆರೆಯಿತಾದರೂ, ಅನುಮತಿ ಸಿಗದ ಹೊರತು ಯಂತ್ರವೇ ಮೇಲೇಳಕೂಡದೆಂಬ ಷರತ್ತು ಬಿತ್ತು. 2021ರ ಮಾರ್ಚಿನ ನಿಯಮಗಳಂತೂ ಎಷ್ಟು ಬಿಗಿಯಾಗಿದ್ದವೆಂದರೆ, ಆಗಸ್ಟ್ 25ರಂದು ಸರ್ಕಾರವೇ ಅವನ್ನು ತೆಗೆದುಹಾಕಿ ಹೊಸವನ್ನು ತಂದಿತು.

ಅದೇ ವರ್ಷದ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಬೇರೊಂದು ಕೆಲಸ ನಡೆದಿತ್ತು. ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಂಸ್ಥೆಯ ಕೂಟ, ಹಾರಿಸುವವರ ಕಣ್ಣಳತೆಯನ್ನೂ ದಾಟಿ ಔಷಧ ಒಯ್ಯುವ ಡ್ರೋನುಗಳ ಪರೀಕ್ಷೆ ಶುರುಮಾಡಿತು. ಡಿಜಿಸಿಎಗೆ ಕನಿಷ್ಠ 100 ಗಂಟೆ ಹಾರಾಟದ ಲೆಕ್ಕ ಒಪ್ಪಿಸಬೇಕಿತ್ತು. ನನ್ನ ಮಟ್ಟಿಗೆ ಕರ್ನಾಟಕದ ಡ್ರೋನ್ ಕಥೆಯ ತಿರುಳು ಇಲ್ಲಿದೆ. ಕಣ್ಣಿಗೆ ಕಾಣುವಷ್ಟು ದೂರ ಹಾರಿದರೆ ಅದು ಮನೆಯಂಗಳದ ಆಟ. ಕಾಣದಾದ ಮೇಲೆ ತಾನೇ ಆಕಾಶ ಹಂಚಿಕೊಳ್ಳುವ ಪ್ರಶ್ನೆ ಏಳುವುದು.

ಸೆಪ್ಟೆಂಬರಿನಲ್ಲಿ ಸರ್ಕಾರ ಹೊರತಂದ ಡ್ರೋನ್ ಹಾರಾಟದ ಆಕಾಶ ನಕ್ಷೆ ಮಾತ್ರ ಹಂಚಿಕೊಳ್ಳುವುದರ ಬದಲು ಪಾಲು ಮಾಡಿತು, ಅಣ್ಣತಮ್ಮಂದಿರು ಹೊಲಕ್ಕೆ ಬದು ಹಾಕಿಕೊಂಡಂತೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿಯೇ ಬೇಡ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಕರನ್ನು ಕೇಳಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವನ್ನೇ ಕೇಳಬೇಕು. ವಿಮಾನ ನಿಲ್ದಾಣದ ಸುತ್ತಲ ಹಳದಿ 45 ಕಿ.ಮೀ.ನಿಂದ 12ಕ್ಕೆ ಇಳಿಯಿತು. ವಿಜಯಪುರದ ಬುರಣಾಪುರ–ಮದಭಾವಿ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ. ಅಲ್ಲಿ ವಿಮಾನ ಇಳಿಯತೊಡಗಿದರೆ ಹತ್ತಿರದ ಹೊಲದವರಿಗೆ ಈ ಬಣ್ಣಗಳು ತಾಗುತ್ತವೆ. ಯಂಕಂಚಿ ಅದರಾಚೆ ದೂರದಲ್ಲಿದೆ.

ಹಾಗೆಂದು ಬದು ಗಟ್ಟಿಯಿಲ್ಲ. ಚುನಾವಣೆ ಹೊತ್ತಿಗೆ ನಾಯಕರ ಹೆಲಿಕಾಪ್ಟರ್ ಊರ ಮೈದಾನಕ್ಕಿಳಿಯಲು ಆ 400 ಅಡಿಯನ್ನೇ ಹಾದು ಬರಬೇಕು. ಆಗ ಅದರ ಪೈಲಟ್‌ಗೆ ಪಕ್ಕದ ಹೊಲದ ಡ್ರೋನಿನ ಸುದ್ದಿ ಮುಟ್ಟಿಸುವವರು ಯಾರು? 2021ರ ಅಕ್ಟೋಬರಿನಲ್ಲಿ ಕೇಂದ್ರ ಪ್ರಕಟಿಸಿದ ಡ್ರೋನ್ ಸಂಚಾರ ನಿರ್ವಹಣಾ ಚೌಕಟ್ಟು ಇದಕ್ಕೆ ಸೂಚಿಸಿದ ದಾರಿ, ಡ್ರೋನುಗಳು ತಮ್ಮ ಗುರುತನ್ನೂ ಇರುವ ಜಾಗವನ್ನೂ ಜಾಲದ ಮೂಲಕ ಸಾರುತ್ತಿರಬೇಕು ಎಂಬುದು. ಅದಕ್ಕೆ ತೊಗರಿ ಹೊಲದ ನಡುವೆಯೂ ಮೊಬೈಲ್ ಸಿಗ್ನಲ್ ಬೇಕು.